ಅರ್ಧ ಬಸ್ಸು ರೊಟ್ಟಿ, ಅರ್ಧ ಬಸ್ಸು ಮೀನು

ಬಾಗಲಕೋಟೆಯ ನವನಗರದಿಂದ ನಸುಕಿನ ನಾಲ್ಕಕ್ಕೆ ಹೊರಡಬೇಕಿದ್ದ ಬಸ್ಸು ಐದೂವರೆಗೆ ಹೊರಟಿತು. ಸಂಕ್ರಾಂತಿ ಮುಗಿದ ವಾರ. ಎಲ್ಲರ ಚೀಲದಲ್ಲೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿಯಲ್ಲಿ ಗಟ್ಟಿ ಮೊಸರು. ಪ್ರವಾಸ ಏರ್ಪಡಿಸಿದವರು ಹಂಚಿದ ಚೀಟಿಯಲ್ಲಿ ‘ಮೂರು ದಿನದ ಕಡಲತೀರ ಯಾತ್ರೆ: ಬೀದಿ ಚಿತ್ರ, ಕಡಲ ಜೀವಿ, ಮೀನೂಟ’ ಎಂದಿತ್ತು. ಈ ಮೂರನ್ನೂ ಒಂದೇ ಗಾಡಿಗೆ ಯಾರು ಹೂಡಿದರೋ ತಿಳಿಯಲಿಲ್ಲ. ಮೂವತ್ತೆಂಟು ಜನರಲ್ಲಿ ಹದಿನೇಳು ಮಂದಿ ಮೀನು ಮುಟ್ಟದವರು. ಚೀಟಿ ಓದಿಯೂ ಏಕೆ ಬಂದಿರಿ ಎಂದು ಪಕ್ಕದಲ್ಲಿ ಕುಳಿತಿದ್ದ ವೈನಿಯನ್ನು ಕೇಳಿದೆ. “ನೋಡುವುದಕ್ಕೇನು ಮಡಿ?” ಎಂದರು.

ಲೋಕಾಪುರ, ಯರಗಟ್ಟಿ ನಿದ್ದೆಯಲ್ಲಿ ಹೋದವು. ಬೆಳಗಾವಿಯಲ್ಲಿ ನಾಷ್ಟಾ ಮಾಡಿ, ಕುಂದಾ ಕಟ್ಟಿಸಿಕೊಂಡು ಜಾಂಬೋಟಿ ರಸ್ತೆ ಹಿಡಿದೆವು. ಕಣಕುಂಬಿ ಬಂದಾಗ ನಮ್ಮೊಂದಿಗಿದ್ದ ನಿವೃತ್ತ ಭೂಗೋಳದ ಮಾಸ್ತರರು ಎದ್ದು ನಿಂತು ಪಾಠ ಶುರು ಮಾಡಿದರು. ಮಲಪ್ರಭೆ ಹುಟ್ಟುವುದು ಇಲ್ಲಿ. ಪೂರ್ವಕ್ಕೆ ಹರಿದು, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಮಾತ್ರ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡೋವಿ ಎಂಬ ಹೆಸರು ಹೊತ್ತು ಪಣಜಿಯ ಬಳಿ ಕಡಲಿಗೆ ಬೀಳುತ್ತಾಳೆ. “ಒಂದೇ ತಾಲ್ಲೂಕಿನ ಇಬ್ಬರು ಹೆಣ್ಣುಮಕ್ಕಳು, ಒಬ್ಬಳನ್ನು ಬಯಲುಸೀಮೆಗೆ ಕೊಟ್ಟರು, ಒಬ್ಬಳನ್ನು ಕಡಲಿಗೆ ಕೊಟ್ಟರು” ಎಂದರು ಮಾಸ್ತರರು. ಹಿಂದಿನ ಸೀಟಿನ ಕಾಕಾ ಕೂಡಲೇ ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ ಬಂಡೂರಿ ಯೋಜನೆಯ ಮಾತು ತೆಗೆದರು. ಬಸ್ಸು ಚೋರ್ಲಾ ಘಾಟಿನ ತಿರುವಿಗೆ ಬಂದು ಎಲ್ಲರ ಹೊಟ್ಟೆ ತೊಳಸಲು ಶುರುವಾದ ಮೇಲಷ್ಟೇ ಆ ವಾದ ನಿಂತಿತು. ಆಗಲೇ ಬಸ್ಸಿನ ಏಸಿಯೂ ನಿಂತಿತು. ತೆರೆಯಲು ಬಾರದ ಗಾಜಿನ ಕಿಟಕಿ, ಒಳಗೆ ಮೂವತ್ತೆಂಟು ಜನರ ಮೊಸರಿನ ಡಬ್ಬಿ. ಹೆಚ್ಚು ಹೇಳುವುದಿಲ್ಲ.

ಪಣಜಿಯ ಫೌಂಟನ್‌ಹಾಸ್ ಓಣಿಗಳಿಗೆ ಇಳಿದಾಗ ಮಧ್ಯಾಹ್ನದ ಬಿಸಿಲು ವಾಲಿತ್ತು. ಪೋರ್ಚುಗೀಸರ ಕಾಲದ ಮನೆಗಳು: ಹಳದಿ, ನೀಲಿ, ಇಟ್ಟಿಗೆ ಕೆಂಪು. ಬಿಳಿ ಬಣ್ಣ ಚರ್ಚಿಗೆ ಮೀಸಲಾಗಿತ್ತು, ಮನೆಗೆ ಹಚ್ಚುವಂತಿರಲಿಲ್ಲ ಎಂದು ಹೇಳುತ್ತಾರೆ. ಗೋಡೆಗಳ ಮೇಲೆ ಅಲ್ಲಲ್ಲಿ ದೊಡ್ಡ ಚಿತ್ರಗಳಿದ್ದವು. ಕೆಲವು ಚೆನ್ನಾಗಿದ್ದವು, ಕೆಲವು ಸೆಲ್ಫಿಗೆಂದೇ ಬಳಿದಂತಿದ್ದವು, ರೆಕ್ಕೆಗಳ ನಡುವೆ ನಿಂತು ನೀವೂ ದೇವದೂತರಾಗಬಹುದು. ನಮ್ಮವರು ಆದರು. ಒಂದು ಮನೆಯ ಬಾಗಿಲಲ್ಲಿ ‘ಇಲ್ಲಿ ಜನ ವಾಸವಾಗಿದ್ದಾರೆ, ಫೋಟೊ ತೆಗೆಯಬೇಡಿ’ ಎಂಬ ಅರ್ಥದ ಫಲಕ ತೂಗುತ್ತಿತ್ತು. ನಮ್ಮ ಗುಂಪಿನ ಹುಡುಗರು ಆ ಫಲಕದ ಫೋಟೊವನ್ನೂ ತೆಗೆದರು. ನನಗೆ ನಾಚಿಕೆಯಾಗಿ ಪಕ್ಕದ ಓಣಿಗೆ ಸರಿದೆ.

ಅಲ್ಲಿ ಸಿಕ್ಕಿತು ಆ ಕಿಟಕಿ. ಮರದ ಚೌಕಟ್ಟು, ಅದರೊಳಗೆ ಸಣ್ಣ ಸಣ್ಣ ಚೌಕಗಳು. ಗಾಜು ಅಂದುಕೊಂಡು ಹತ್ತಿರ ಹೋದೆ, ಗಾಜಲ್ಲ. ಹಾಲಿನ ಕೆನೆಯಂಥ ಬಿಲ್ಲೆಗಳು, ಬಿಸಿಲು ಬಿದ್ದಲ್ಲಿ ಒಳಗಿನಿಂದ ದೀಪ ಹಚ್ಚಿದಂತೆ ಹೊಳೆಯುತ್ತಿದ್ದವು. ಒಂದು ಬಿಲ್ಲೆಯ ಮೂಲೆ ಮುರಿದು ಪದರ ಪದರವಾಗಿ, ಒಣ ಹಪ್ಪಳದಂತೆ ಬಿಚ್ಚಿಕೊಂಡಿತ್ತು. ಮನೆಯ ಮುದುಕಿಯೊಬ್ಬರು ಒಳಗಿನಿಂದ ಕೊಂಕಣಿಯಲ್ಲಿ ಏನೋ ಹೇಳಿದರು. ಗದರಿದರು ಎಂದು ಹಿಂದೆ ಸರಿದರೆ ಅವರು ನಗುತ್ತ ಅರ್ಧ ಹಿಂದಿಯಲ್ಲಿ ತಿಳಿಸಿದರು: ಅದು ಕಪ್ಪೆಚಿಪ್ಪು. ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಕಡಲಿನ ಚಪ್ಪಟೆ ಚಿಪ್ಪುಗಳನ್ನು ಕತ್ತರಿಸಿ, ಮರದ ಪಟ್ಟಿಗಳ ಸೀಳಿನಲ್ಲಿ ಜಾರಿಸಿ ಕಿಟಕಿ ಮಾಡುತ್ತಿದ್ದರು. ಬೆಳಕು ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ, ಹೊರಗಿನವರಿಗೆ ಒಳಗೇನೂ ಕಾಣುವುದಿಲ್ಲ. ಫಲಕ ತೂಗುಹಾಕುವ ಕಾಲ ಬರುವ ಮುಂಚೆಯೇ ಓಣಿಯ ಜನ ಉಪಾಯ ಕಂಡುಕೊಂಡಿದ್ದರು. ಚಿತ್ರ ಬರೆದ ಗೋಡೆಗಳಿಗಿಂತ ಹೆಚ್ಚು ಹೊತ್ತು ನಾನು ಆ ಕಿಟಕಿಯ ಮುಂದೆ ನಿಂತೆ.

ಮರುದಿನ ಬೆಳಿಗ್ಗೆ ಪಣಜಿಯ ಮಾರುಕಟ್ಟೆ. ಅದರ ಗೋಡೆಗಳ ಮೇಲೆ ವ್ಯಂಗ್ಯಚಿತ್ರಕಾರ ಮಾರಿಯೋ ಮಿರಾಂಡಾ ಅವರ ಚಿತ್ರಗಳಿವೆ. ಅವರು 2011ರಲ್ಲಿ ತೀರಿಕೊಂಡರೂ ಅವರು ಬರೆದ ಜನ ಇನ್ನೂ ಗೋಡೆಯ ಮೇಲೆ ಗಿಜಿಗುಡುತ್ತಾರೆ: ದುಂಡು ಕಣ್ಣು, ಚೂಪು ಮೂಗು, ಒಬ್ಬರ ಮೇಲೊಬ್ಬರು ಬಿದ್ದು ಚೌಕಾಸಿ. ಅಲ್ಲಿಂದ ಮೀನಿನ ಕಟ್ಟೆಗೆ ಹೋದರೆ ಅದೇ ಜನ ಬಣ್ಣ ಬಳಿದುಕೊಂಡು ಕುಳಿತಂತಿತ್ತು. ಇಸ್ವಣ, ಬಂಗಡೆ, ಸುಂಗಟ, ಕುರ್ಲಿ. ನಮ್ಮೂರಿನಲ್ಲಿ ಆಲಮಟ್ಟಿ ಹಿನ್ನೀರಿನ ರೋಹು, ಕಟ್ಲಾ ಕಂಡವಳು ನಾನು. ಇಷ್ಟು ಬಗೆಯ ಹೊಳಪನ್ನು ಕಂಡವಳಲ್ಲ. ಕಿವಿರು ಎತ್ತಿ ಕೆಂಪು ನೋಡಬೇಕು, ಕಣ್ಣು ಉಬ್ಬಿರಬೇಕು, ಗುಳಿ ಬಿದ್ದಿರಬಾರದು ಎಂದು ಕಾಕಾ ಕಲಿಸಿದರು. ವೈನಿ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇಡೀ ಮಾರುಕಟ್ಟೆ ಸುತ್ತಿದರು, ಒಂದು ಸಾಲನ್ನೂ ಬಿಡಲಿಲ್ಲ. ಒಣಮೀನಿನ ಸಾಲಿನಲ್ಲಿ ಕಾಕಾ ನಿಂತರು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ. ಆ ಮಳೆಗಾಲಕ್ಕೆಂದು ಇವರು ಬೇಸಿಗೆಯ ಬಿಸಿಲಿನಲ್ಲೇ ಒಣಗಿಸಿ ಕೂಡಿಡುತ್ತಾರೆ, ನಾವು ಸಂಡಿಗೆ ಹಪ್ಪಳ ಕೂಡಿಟ್ಟ ಹಾಗೆ. ಕಾಕಾ ಎರಡು ಕಿಲೋ ಒಣ ಸಿಗಡಿ ಕೊಂಡರು. ಆ ಪೊಟ್ಟಣದ ಮಾತು ಮುಂದೆ ಬರುತ್ತದೆ.

ಕಾರವಾರಕ್ಕೆ ಬಂದದ್ದು ಊಟದ ಹೊತ್ತಿಗೆ. ಬಂಗಡೆ ಸಾರಿನಲ್ಲಿ ತೆಪ್ಪಳ ಎಂಬ ಕಾಡುಕಾಯಿ ಹಾಕುತ್ತಾರೆ, ಗೊತ್ತಿಲ್ಲದೆ ಕಚ್ಚಿದರೆ ನಾಲಿಗೆ ಜುಮ್ಮೆನ್ನುತ್ತದೆ, ಕಚ್ಚಿದೆ. ಆದರೆ ನನ್ನ ಊಟ ನಡೆದದ್ದು ತಿಸರೆಯ ಸುಕ್ಕದೊಂದಿಗೆ. ಹೆಬ್ಬೆರಳಿನಷ್ಟು ಚಿಪ್ಪು, ಒಳಗೆ ಕಡಲೆಬೇಳೆಗಿಂತ ತುಸು ದೊಡ್ಡ ತುಣುಕು, ಸುತ್ತ ಹುರಿದ ಕೊಬ್ಬರಿ ಮಸಾಲೆ. ಚಿಪ್ಪನ್ನೇ ಚಮಚ ಮಾಡಿಕೊಂಡು ಮಸಾಲೆ ಬಳಿದು ಹೀರಬೇಕು. ಸಜ್ಜೆ ರೊಟ್ಟಿ ಮುರಿದು ಅದಕ್ಕೆ ಹಚ್ಚಿ ತಿಂದೆ. ಹೋಟೆಲಿನವರು ನೋಡಿ ನಕ್ಕರು, ಆಮೇಲೆ ತಾವೇ ಒಂದು ತುಂಡು ರೊಟ್ಟಿ ಕೇಳಿ ಪಡೆದರು.

ದಡದಲ್ಲಿ ನಿಲ್ಲಿಸಿರುವ ಯುದ್ಧನೌಕೆ ಚಾಪಲ್ ಅನ್ನು ಗಂಡಸರು ಒಂದು ತಾಸು ನೋಡಿದರು. ಡಾಲ್ಫಿನ್ ತೋರಿಸುತ್ತೇವೆಂದು ದೋಣಿಯಲ್ಲಿ ಕರೆದೊಯ್ದವರು ಎರಡು ಕ್ಷಣ ಒಂದು ಬೂದು ಬೆನ್ನು ತೋರಿಸಿದರು. ಅದು ಡಾಲ್ಫಿನ್ ಎಂದೇ ನಂಬಿದ್ದೇನೆ, ದುಡ್ಡು ಕೊಟ್ಟಿದ್ದೇನೆ.

ಕಡಲ ಜೀವಿ ಕಂಡದ್ದು ಸಂಜೆ, ನೀರು ಹಿಂದೆ ಸರಿದಾಗ, ಕಾಲ ಬುಡದಲ್ಲಿ. ಒದ್ದೆ ಮರಳಿನ ಮೇಲೆ ಸಾವಿರಾರು ಸಣ್ಣ ಉಂಡೆಗಳು, ಒಂದೊಂದು ಸಾಸಿವೆಗಿಂತ ದಪ್ಪ. ನಡುವೆ ಒಂದು ತೂತು, ಅದರಿಂದ ಸುತ್ತಲೂ ಕಿರಣಗಳಂತೆ ಸಾಲುಗಳು. ವೈನಿ “ಯಾರು ಇಲ್ಲಿ ಚುಕ್ಕಿ ರಂಗೋಲಿ ಇಟ್ಟವರು?” ಎಂದು ಬಗ್ಗಿದರು. ಉಸಿರು ಬಿಗಿಹಿಡಿದು ಕುಳಿತೆವು. ಸ್ವಲ್ಪ ಹೊತ್ತಿಗೆ ಕಾಳಿನಷ್ಟು ಏಡಿಯೊಂದು ತೂತಿನಿಂದ ಬಂತು. ಎರಡೂ ಕೊಂಡಿಗಳಿಂದ ಮರಳು ಬಾಯಿಗೆ ತುಂಬುತ್ತದೆ, ಅದರೊಳಗಿನ ತಿನ್ನುವ ಅಂಶವನ್ನು ಸೋಸಿಕೊಂಡು ಉಳಿದದ್ದನ್ನು ಉಂಡೆ ಕಟ್ಟಿ ಹಿಂದಕ್ಕೆ ಎಸೆಯುತ್ತದೆ, ಮತ್ತೊಂದು ಹೆಜ್ಜೆ. ತೂತಿನಿಂದ ಹೊರಕ್ಕೆ ನೇರ ಗೆರೆಯಲ್ಲಿ ಹೋಗುತ್ತದೆ, ಹೆದರಿದರೆ ಅದೇ ಗೆರೆಯಲ್ಲಿ ಓಡಿಬರಲಿಕ್ಕೆ. ಊಟ ಮಾಡಿದ ಗುರುತೇ ರಂಗೋಲಿ. ಮುಂದಿನ ಭರತದಲ್ಲಿ ಎಲ್ಲ ಅಳಿಯುತ್ತದೆ. ವೈನಿ ಅಲ್ಲಿಂದ ಏಳುವಾಗ ಒಂದು ಉಂಡೆಯೂ ತುಳಿಯದಂತೆ, ಸೀರೆ ಎತ್ತಿಕೊಂಡು, ತುದಿಗಾಲಿನಲ್ಲಿ ಬಂದರು.

ಮೂರನೆಯ ದಿನ ಅಂಕೋಲಾ ಕಡೆಯ ಹಳೆಯ ದೇವಸ್ಥಾನವೊಂದರಲ್ಲಿ ಕಾವಿ ಚಿತ್ರಗಳನ್ನು ನೋಡಿದೆವು. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಒಣಗುವ ಮುಂಚೆ ಕಬ್ಬಿಣದ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಬರುತ್ತದೆ. ಬಣ್ಣ ಹಚ್ಚಿ ಬರೆಯುವುದಲ್ಲ, ಬಣ್ಣ ತೆಗೆದು ಬರೆಯುವುದು. ಆ ಗಾರೆಯ ಸುಣ್ಣ ಎಲ್ಲಿಯದು ಎಂದು ಅರ್ಚಕರನ್ನು ಕೇಳಿದೆ. “ಚಿಪ್ಪಿನದಮ್ಮ. ಚಿಪ್ಪು ಸುಟ್ಟು, ಬೆಲ್ಲದ ನೀರು ಹಾಕಿ ಕೊಳೆಸಿ ಅರೆಯುತ್ತಿದ್ದರು.” ನಿನ್ನೆ ತಟ್ಟೆಯಲ್ಲಿ ಬಿಟ್ಟುಬಂದ ತಿಸರೆಯ ರಾಶಿ ಕಣ್ಣಮುಂದೆ ಬಂತು.

ಮಾಸ್ತರರು ಬಿಡುತ್ತಾರೆಯೇ? “ನಮ್ಮ ಲೋಕಾಪುರದ ಸುಣ್ಣದ ಕಲ್ಲೂ ಕಡಲಿನದೇ” ಎಂದರು. ಕಲಾದಗಿ ಸೀಮೆಯ ಆ ಶಿಲೆಗಳು ನೂರು ಕೋಟಿ ವರ್ಷಕ್ಕೂ ಹಳೆಯವು. ಆಗ ಅಲ್ಲಿ ಆಳವಿಲ್ಲದ ಕಡಲು. ಚಿಪ್ಪೂ ಇರಲಿಲ್ಲ, ಮೀನೂ ಇರಲಿಲ್ಲ. ಕಣ್ಣಿಗೆ ಕಾಣದ ಜೀವಿಗಳು ಜಿಗಟು ಹಾಸಿನಂತೆ ಬೆಳೆದು ಪದರದ ಮೇಲೆ ಪದರ ಕಟ್ಟಿದವು. ಕೆಲವು ಕಲ್ಲುಗಳನ್ನು ಅಡ್ಡ ಸೀಳಿದರೆ ಉಳ್ಳಾಗಡ್ಡಿ ಹೆಚ್ಚಿದಂತೆ ಆ ಸುತ್ತುಗಳು ಕಾಣುತ್ತವೆ. “ಹಾಗಾದರೆ ಕಡಲು ನೋಡಲು ಇಷ್ಟು ದೂರ ಬರುವ ಅಗತ್ಯವೇ ಇರಲಿಲ್ಲವಲ್ಲ ಮಾಸ್ತರರೇ” ಎಂದರು ಕಾಕಾ. “ಸಿಗಡಿ ಸಿಗುತ್ತಿರಲಿಲ್ಲ” ಎಂದರು ಮಾಸ್ತರರು.

ಸಿಗಡಿಯ ಪೊಟ್ಟಣ ಅರಬೈಲ್ ಘಾಟಿ ಹತ್ತುವಷ್ಟರಲ್ಲಿ ತನ್ನ ಇರವನ್ನು ಸಾರಿತು. ರೊಟ್ಟಿಯ ಪಕ್ಷದವರು ಎದ್ದು ನಿಂತರು, ಮೀನಿನ ಪಕ್ಷದವರು ಕಿಟಕಿಯಾಚೆ ನೋಡಿದರು. ಕೊನೆಗೆ ವೈನಿಯೇ ತಮ್ಮ ಖಾಲಿ ರೊಟ್ಟಿ ಡಬ್ಬಿ ತೆಗೆದು, ಪೊಟ್ಟಣವನ್ನು ಅದರಲ್ಲಿ ತುರುಕಿ, ಮುಚ್ಚಳದ ಸುತ್ತ ಸೀರೆಯ ಹಳೆ ತುಂಡು ಬಿಗಿದು, ಬಸ್ಸಿನ ಹಿಂದಿನ ಡಿಕ್ಕಿಯಲ್ಲಿ ಇಡಿಸಿದರು. “ಡಬ್ಬಿ ವಾಪಸು ಕೊಡಬೇಡಿರಿ ಕಾಕಾ, ನೀವೇ ಇಟ್ಟುಕೊಳ್ಳಿರಿ.”

ನರಗುಂದದಲ್ಲಿ ಚಹಾಕ್ಕೆ ನಿಂತಾಗ ರಾತ್ರಿ ಒಂಬತ್ತು. ಇಳಿದು ನೋಡಿದರೆ ಡಿಕ್ಕಿಯ ಹಿಂದೆ ಏಳು ನಾಯಿಗಳು ಸಾಲಾಗಿ ಕುಳಿತಿದ್ದವು.