ಕ್ಲಚ್ ಕೇಬಲ್ ವಿಷಯ ಮೇಷ್ಟ್ರು ಹೇಳಿದ್ದರು, ನಾನೇ ಕಿವಿಗೆ ಹಾಕಿಕೊಳ್ಳಲಿಲ್ಲ

ಪೂರ್ತಿ ಕೆಟ್ಟು ನಿಂತ ಗಾಡಿ ಬಂದರೆ ನನಗೆ ಚಿಂತೆ ಇಲ್ಲ. ಸಂಜೆಯೊಳಗೆ ಏನು ಅಂತ ಸಿಕ್ಕೇ ಸಿಗುತ್ತೆ. ತಲೆನೋವು ಇರೋದು "ಒಂದೊಂದ್ಸಲ ಸ್ಟಾರ್ಟ್ ಆಗಲ್ಲ ನೋಡಿ" ಅಂತ ಓನರ್ರೇ ಓಡಿಸಿಕೊಂಡು ಬರೋ ಗಾಡಿಯಲ್ಲಿ. ನಮ್ಮೆದುರಿಗೆ ಹತ್ತು ಸಲ ಕೀ ತಿರುಗಿಸಿದರೆ ಹತ್ತೂ ಸಲ ಸ್ಟಾರ್ಟ್. ಡಾಕ್ಟರ ಬಾಗಿಲಿಗೆ ಹೋದಾಗ ಹಲ್ಲುನೋವು ಮಾಯ ಆಗುತ್ತಲ್ಲ, ಹಾಗೆ.

ಶಿವಮೊಗ್ಗದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ಹದಿನಾರು ವರ್ಷ ಆಯ್ತು. ಇಷ್ಟು ವರ್ಷ ಆದಮೇಲೂ ಹೋದ ಮಳೆಗಾಲದಲ್ಲಿ ಒಂದು ಗಾಡಿ ನನ್ನ ಮರ್ಯಾದೆ ತೆಗೆಯಿತು. ತೀರ್ಥಹಳ್ಳಿ ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರದ್ದು, ಒಂಬತ್ತು ವರ್ಷದ ಪೆಟ್ರೋಲ್ ಗಾಡಿ, ಸಣ್ಣದು.

"ಮನೇಲಿ ಬೆಳಿಗ್ಗೆ ಒಂದೇ ಸಲಕ್ಕೆ ಹೊಡಿಯುತ್ತಪ್ಪ. ಪೇಟೆಗೆ ಬಂದು ಹತ್ತು ನಿಮಿಷ ನಿಲ್ಲಿಸಿ ವಾಪಸ್ ಬಂದು ಕೀ ತಿರುಗಿಸಿದ್ರೆ ಟಕ್ ಅನ್ನುತ್ತೆ, ಅಷ್ಟೇ. ಗೇರಿಗೆ ಹಾಕಿ ಗಾಡಿನ ಹಿಂದೆ ಮುಂದೆ ಒಂಚೂರು ಅಲ್ಲಾಡಿಸಿದ್ರೆ ಮತ್ತೆ ಬರುತ್ತೆ" ಅಂದರು. ಆಮೇಲೆ ಬೇರೆ ಏನೋ ನೆನಪಾದವರ ಹಾಗೆ, "ಈ ಗಾಡಿಗೆ ಕ್ಲಚ್ ಕೇಬಲ್ ಬೇರೆ ವರ್ಷಕ್ಕೆ ಎರಡು ಆಯ್ತು" ಅಂತ ಸೇರಿಸಿದರು.

ರೋಗ ಏನು ಅನ್ನೋದು ಪೂರ್ತಿ ಈ ನಾಲ್ಕು ಮಾತಲ್ಲೇ ಇತ್ತು. ನನಗೆ ಕೇಳಿಸಿದ್ದು "ಟಕ್" ಒಂದೇ.

ಬ್ಯಾಟರಿ ನಾಲ್ಕು ವರ್ಷದ್ದು, ಮೀಟರ್ ಇಟ್ಟರೆ 12.3 ವೋಲ್ಟ್. ಫುಲ್ ಚಾರ್ಜ್ ಆದ ಬ್ಯಾಟರಿ ಸುಮ್ಮನೆ ಇದ್ದಾಗ 12.6ರ ಹತ್ತಿರ ಇರಬೇಕು. ವಯಸ್ಸಾಗಿದೆ, ಬದಲಾಯಿಸಿಬಿಡೋಣ ಅಂದೆ. ಹೊಸದು ಹಾಕಿದೆ. ಹದಿನೈದು ದಿನಕ್ಕೆ ಮೇಷ್ಟ್ರ ಫೋನು, ಮತ್ತೆ ಅದೇ ಟಕ್. ಹಾಗಾದರೆ ಸೆಲ್ಫ್ ಮೋಟರ್, ಅಂದರೆ ಕೀ ತಿರುಗಿಸಿದಾಗ ಎಂಜಿನ್ನನ್ನ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟರ್, ಅಂತ ಬಿಚ್ಚಿದೆ. ಕಾರ್ಬನ್ ಬ್ರಷ್ ಅರ್ಧ ಸವೆದಿತ್ತು, ಅಷ್ಟು ವರ್ಷ ಓಡಿದ ಗಾಡಿಯಲ್ಲಿ ಸವೆಯದೆ ಇನ್ನೇನು. ಬ್ರಷ್, ಬುಶ್, ಸೊಲೆನಾಯ್ಡ್ ಎಲ್ಲ ಹೊಸದು ಮಾಡಿ ಕೊಟ್ಟೆ. ಒಂದು ತಿಂಗಳು ಸುದ್ದಿ ಇಲ್ಲ. ನಾನು ಗೆದ್ದೆ ಅಂದುಕೊಂಡಿದ್ದೆ.

ಆಗಸ್ಟಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ನಮ್ಮ ಗ್ಯಾರೇಜಿನ ಎದುರಿಗಿನ ಹೋಟೆಲಲ್ಲಿ ಊಟ ಮಾಡಿ ಹೊರಟವರು, ಗಾಡಿ ಒಳಗೆ ಕೂತು ನನ್ನ ಕಡೆ ಕೈ ಬೀಸಿದರು. ಬೈಯ್ಯಲಿಲ್ಲ. "ಈಗ ನಿನ್ನ ಮುಂದೇನೇ ನಿಂತಿದೆ, ಬಾ ನೋಡು" ಅಂದರು.

ಇಂಥ ಹೊತ್ತಲ್ಲಿ ಎಲ್ಲರೂ ಮಾಡೋ ತಪ್ಪು, ಓಡಿಹೋಗಿ ಟರ್ಮಿನಲ್ ಅಲ್ಲಾಡಿಸೋದು. ಗಾಡಿ ಸ್ಟಾರ್ಟ್ ಆಗಿಬಿಡುತ್ತೆ, ಗಿರಾಕಿ ಖುಷಿ, ಕಾರಣ ಮಾತ್ರ ಕೈ ತಪ್ಪಿಹೋಯ್ತು. "ಏನೂ ಮುಟ್ಟಬೇಡಿ, ಬಾನೆಟ್ ಮಾತ್ರ ಎತ್ತಿ" ಅಂದೆ. ಹುಡುಗನಿಗೆ ಮೀಟರ್ ತರೋಕೆ ಹೇಳಿ ಮೊದಲು ಹೆಡ್‌ಲೈಟ್ ಹಾಕಿಸಿದೆ. ಕೀ ತಿರುಗಿಸಿದರು. ಟಕ್. ಲೈಟ್ ಒಂಚೂರೂ ಮಂಕಾಗಲಿಲ್ಲ.

ಇಲ್ಲಿಗೆ ನನಗೆ ಬೆವರು. ಬ್ಯಾಟರಿ ಸೋತಿದ್ದರೆ ಸೆಲ್ಫ್ ಹೊಡೆಯುವಾಗ ಲೈಟ್ ಸತ್ತೇ ಹೋಗಬೇಕು. ಸೆಲ್ಫ್ ಮೋಟರ್ ಜಾಮ್ ಆಗಿದ್ದರೂ ಸಿಕ್ಕಾಪಟ್ಟೆ ಕರೆಂಟ್ ಎಳೆದು ಲೈಟ್ ಮಂಕಾಗಬೇಕು. ಲೈಟ್ ಜಗ್ಗಲಿಲ್ಲ ಅಂದರೆ ಮೋಟರ್‌ಗೆ ಕರೆಂಟೇ ಸರಿಯಾಗಿ ಹರೀತಿಲ್ಲ. ಇದೇ ಲೈಟಿನ ಪರೀಕ್ಷೆ ಎರಡು ತಿಂಗಳ ಹಿಂದೆ, ಒಂದು ಪೈಸೆ ಖರ್ಚಿಲ್ಲದೆ, ಮೇಷ್ಟ್ರಿಗೆ ಫೋನಲ್ಲೇ ಹೇಳಿಕೊಡಬಹುದಿತ್ತು.

ಮೀಟರ್ ಬಂತು. ಕೆಂಪು ಪಿನ್ನು ಗೇರ್‌ಬಾಕ್ಸಿನ ಬರೀ ಲೋಹದ ಮೇಲೆ, ಕಪ್ಪು ಪಿನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆ. ಕ್ಲಾಂಪಿನ ಮೇಲೆ ಇಟ್ಟರೆ ಕ್ಲಾಂಪಿಗೂ ಕಂಬಕ್ಕೂ ನಡುವಿನ ದೋಷ ಕಾಣಿಸಲ್ಲ. ಸೆಲ್ಫ್ ಹೊಡೆಯುವಾಗ ಇಲ್ಲಿ 0.2, 0.3 ವೋಲ್ಟ್ ಬಂದರೆ ಸರಿ. "ತಿರುಗಿಸಿ ಮೇಷ್ಟ್ರೇ" ಅಂದೆ. 5.4 ತೋರಿಸಿತು. ಕೆಂಪು ಪಿನ್ನನ್ನ ಬಾಡಿಗೆ ಇಟ್ಟು ಮತ್ತೆ ತಿರುಗಿಸಿದರೆ 0.1. ಅಂದರೆ ಬ್ಯಾಟರಿಯಿಂದ ಬಾಡಿವರೆಗೆ ಅರ್ಥ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರೋ ದಾರಿ) ಚೆನ್ನಾಗಿದೆ, ಬಾಡಿಯಿಂದ ಎಂಜಿನ್‌ಗೆ ಹೋಗೋ ಅರ್ಥ್ ಕೇಬಲ್ಲಲ್ಲೇ ಐದು ವೋಲ್ಟ್ ಕಳೆದುಹೋಗ್ತಿದೆ. ಹೆಡ್‌ಲೈಟಿನ ಅರ್ಥ್ ಇರೋದು ಬಾಡಿಗೆ, ಅದಕ್ಕೇ ಅದು ಆರಾಮಾಗಿ ಉರೀತಿತ್ತು.

ಖಾತ್ರಿಗೆ ಜಂಪರ್ ಕೇಬಲ್ ತಂದು ನೆಗೆಟಿವ್‌ನಿಂದ ನೇರ ಎಂಜಿನ್ನಿಗೆ ಕಚ್ಚಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್.

ಕೇಬಲ್ ಬಿಚ್ಚಿದರೆ ಮೇಲೆ ನೋಡೋಕೆ ಹೊಸದರ ಹಾಗಿತ್ತು. ಬೋಲ್ಟ್ ಟೈಟು, ರಬ್ಬರ್ ಸ್ಲೀವ್ ಸರಿಯಾಗಿತ್ತು. ಹುಡುಗ ಮೀಟರನ್ನ ಕಂಟಿನ್ಯೂಟಿಗೆ, ಅಂದರೆ ತಂತಿ ತುಂಡಾಗಿದೆಯಾ ಅಂತ ನೋಡೋದಕ್ಕೆ ಇಟ್ಟ, ಬೀಪ್ ಅಂತು. "ಅಣ್ಣ, ಇದು ಸರಿ ಇದೆಯಲ್ಲ" ಅಂದ. ಬ್ಲೇಡಿಂದ ಸ್ಲೀವ್ ಸೀಳಿದೆ. ಕೇಬಲ್ ತುದಿಗೆ ಲಗ್ (ಬೋಲ್ಟ್ ಹಾಕೋ ಲೋಹದ ಬಳೆ) ಒತ್ತಿ ಕೂರಿಸಿರೋ ಜಾಗದಲ್ಲಿ ಹಸಿರು ಕಿಲುಬು, ಬೆರಳಿಗೆ ಪುಡಿಯಾಗಿ ಉದುರಿತು. ತಾಮ್ರದ ಎಳೆಗಳಲ್ಲಿ ಮುಕ್ಕಾಲು ಪಾಲು ತುಂಡಾಗಿದ್ದವು. ಬೀಪ್ ಬರೋಕೆ ಒಂದು ಎಳೆ ಸಾಕು. ಸೆಲ್ಫ್ ಮೋಟರ್ ಕೇಳೋದು ನೂರೈವತ್ತು ಆಂಪಿಯರ್. ಅಷ್ಟು ಕರೆಂಟಲ್ಲಿ 0.03 ಓಮ್ ರೆಸಿಸ್ಟೆನ್ಸ್ ಇದ್ದರೂ ನಾಲ್ಕೂವರೆ ವೋಲ್ಟ್ ತಿಂದುಹಾಕುತ್ತೆ, ಅದನ್ನ ನಮ್ಮ ಮೀಟರಿನ ಓಮ್ ಸ್ಕೇಲು ಹಿಡಿಯೋದೇ ಇಲ್ಲ. ಅದಕ್ಕೇ ಇಂಥದ್ದನ್ನ ಲೋಡ್ ಮೇಲೆ, ಅಂದರೆ ಸೆಲ್ಫ್ ಹೊಡೆಯುವಾಗಲೇ, ವೋಲ್ಟಲ್ಲಿ ಅಳೀಬೇಕು.

ಒಂದೊಂದ್ಸಲ ಮಾತ್ರ ಯಾಕೆ? ಎಂಜಿನ್ ಕೂತಿರೋದು ರಬ್ಬರ್ ಮೌಂಟಿಂಗ್ ಮೇಲೆ. ಆಫ್ ಮಾಡಿದಾಗ ಪ್ರತಿಸಲ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ನಿಲ್ಲುತ್ತೆ, ಉಳಿದ ಎಳೆಗಳು ತಾಗಿದರೆ ತಾಗಿದವು, ಇಲ್ಲದಿದ್ದರೆ ಇಲ್ಲ. ಬಿಸಿ ಆದಾಗ ಇನ್ನೂ ಕಷ್ಟ. ಗೇರಿಗೆ ಹಾಕಿ ಅಲ್ಲಾಡಿಸಿದರೆ ಎಂಜಿನ್ ಜರುಗಿ ಮತ್ತೆ ತಾಗುತ್ತಿತ್ತು. ಸೆಲ್ಫ್ ಮೋಟರ್ ಬಿಚ್ಚುವಾಗ ನಾನೂ ಅದೇ ಕೇಬಲ್ಲನ್ನ ಎಳೆದಾಡಿ ಬಿಟ್ಟಿದ್ದೆ. ಒಂದು ತಿಂಗಳು ಗಾಡಿ ಓಡಿದ್ದು ಆ ಪುಣ್ಯದಿಂದ.

ಇನ್ನು ಕ್ಲಚ್ ಕೇಬಲ್, ಅಂದರೆ ಕ್ಲಚ್ ಪೆಡಲಿನಿಂದ ಗೇರ್‌ಬಾಕ್ಸಿಗೆ ಹೋಗೋ ಲೋಹದ ತಂತಿ. ಎಂಜಿನ್‌ಗೆ ಸರಿಯಾದ ಅರ್ಥ್ ಸಿಗದಿದ್ದರೆ ಕರೆಂಟು ಬಾಡಿಗೂ ಗೇರ್‌ಬಾಕ್ಸಿಗೂ ನಡುವೆ ಸಿಕ್ಕ ಲೋಹದ ದಾರಿ ಹಿಡಿಯುತ್ತೆ. ಆ ಗಾಡಿಯಲ್ಲಿ ಸಿಕ್ಕಿದ್ದು ಕ್ಲಚ್ ಕೇಬಲ್. ಪ್ರತಿಸಲ ಸೆಲ್ಫ್ ಹೊಡೆದಾಗ ಒಳಗಿನ ತಂತಿ ಕಾದು ಪ್ಲಾಸ್ಟಿಕ್ ಲೈನಿಂಗ್ ಕರಗಿ ಬಿಗಿಯಾಗ್ತಿತ್ತು. ಮೇಷ್ಟ್ರು ಹಾಕಿಸಿದ್ದ ಎರಡನೇ ಕೇಬಲ್ಲನ್ನೂ ಬಿಚ್ಚಿ ನೋಡಿದೆ, ಒಂದು ಕಡೆ ಲೈನಿಂಗ್ ತಂತಿಗೆ ಅಂಟಿಕೊಂಡಿತ್ತು.

ಈಗ ಇಂಥ ಗಾಡಿ ಬಂದರೆ ಕೀ ಈಸಿಕೊಳ್ಳೋ ಮೊದಲು ಕೇಳೋದು ಒಂದೇ: ಸ್ಟಾರ್ಟ್ ಆಗಲ್ಲ ಅಂದ್ರೆ ಸೆಲ್ಫ್ ತಿರುಗಲ್ವಾ, ಇಲ್ಲ ಸೆಲ್ಫ್ ತಿರುಗಿದ್ರೂ ಎಂಜಿನ್ ಹಿಡಿಯಲ್ವಾ? ಎರಡೂ ಬೇರೆ ಬೇರೆ ರೋಗ. ಸೆಲ್ಫ್ ಗರಗರ ತಿರುಗಿ, ಬಿಸಿಯಾದಾಗ ಮಾತ್ರ ಎಂಜಿನ್ ಹಿಡಿಯದೆ, ಅರ್ಧ ಗಂಟೆ ತಣ್ಣಗಾದ ಮೇಲೆ ತಾನೇ ಸರಿಹೋದರೆ ನಾನು ಮೊದಲು ಅನುಮಾನ ಪಡೋದು ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗೋದನ್ನ ಕಂಪ್ಯೂಟರಿಗೆ ತಿಳಿಸೋ ಸೆನ್ಸರ್) ಮೇಲೆ. ಅಂಥ ಗಾಡಿಗೆ ಬ್ಯಾಟರಿ ಹಾಕಿಸಿ ದುಡ್ಡು ಕಳೆದುಕೊಂಡವರೂ ನಮ್ಮಲ್ಲಿಗೆ ಬರ್ತಾರೆ. ಉಳಿದಿದ್ದನ್ನ ಗಿರಾಕಿ ತಾನಾಗೇ ಹೇಳಲಿ ಅಂತ ಬಿಡ್ತೀನಿ. ಸಂಬಂಧ ಇಲ್ಲ ಅನ್ನಿಸಿದ್ದನ್ನೂ ಪುಸ್ತಕದಲ್ಲಿ ಬರ್ಕೋತೀನಿ.

ಹೊಸ ಅರ್ಥ್ ಕೇಬಲ್ಲಿಗೆ ಆಗಿದ್ದು 220 ರೂಪಾಯಿ. ಸೆಲ್ಫ್ ಮೋಟರಿನ ಮಜೂರಿ ವಾಪಸ್ ಕೊಟ್ಟೆ. ಮೇಷ್ಟ್ರು ಬೇಡ ಬೇಡ ಅಂತಲೇ ಎಣಿಸಿ ಜೇಬಿಗೆ ಹಾಕಿಕೊಂಡರು. "ಬ್ಯಾಟರಿ ಇರಲಿ ಬಿಡಪ್ಪ, ಹೇಗೂ ಹಳೇದಾಗಿತ್ತು" ಅಂದರು. ಎಕ್ಸ್‌ಚೇಂಜಲ್ಲಿ ತಗೊಂಡ ಆ ಹಳೇ ಬ್ಯಾಟರಿ ಗ್ಯಾರೇಜಿನ ಮೂಲೆಯಲ್ಲಿದೆ. ನಿಂತ ಗಾಡಿಗಳಿಗೆ ಜಂಪ್ ಕೊಡೋದು ಇವತ್ತಿಗೂ ಅದರಿಂದಲೇ.