ಆ ಪ್ರಶ್ನೆಗೆ ನಾನು ಉತ್ತರ ಹೇಳಲಿಲ್ಲ

"ಏನೂ ಆಗ್ಲಿಕ್ಕಿಲ್ಲ ಅಲ್ವಾ?"

ಮೊನ್ನೆ ನಾಗರ ಪಂಚಮಿಯ ಬೆಳಿಗ್ಗೆ ನಾಗದೇವರ ಬನದ ಮೆಟ್ಟಿಲ ಹತ್ತಿರ ನಿಂತು ದೊಡ್ಡಮ್ಮ ಕೇಳಿದರು. ಕೈಯಲ್ಲಿ ತನು ಎರೆಯಲು, ಅಂದರೆ ನಾಗನಿಗೆ ಅಭಿಷೇಕ ಮಾಡಿಸಲು, ತಂದ ಸೀಯಾಳ ಇತ್ತು. ಕೈ ನಡುಗುತ್ತಿತ್ತು. 11 ವರ್ಷದಿಂದ ಈ ಪ್ರಶ್ನೆ ಕೇಳುತ್ತಾ ಬಂದಿದ್ದಾರೆ. ಮೊದಲೆಲ್ಲ ಪ್ರತಿ ಸಲವೂ "ಏನೂ ಆಗ್ಲಿಕ್ಕಿಲ್ಲ ದೊಡ್ಡಮ್ಮ" ಅಂದಿದ್ದೇನೆ. ಮೊನ್ನೆ ಹಾಗೆ ಹೇಳಲಿಲ್ಲ. "ಗೊತ್ತಿಲ್ಲ ದೊಡ್ಡಮ್ಮ" ಅಂದೆ.

ಅವರು ನನ್ನನ್ನು ನೋಡಿದರು. ಆ ನೋಟ ಈ ವಾರ ಪೂರ್ತಿ ನನ್ನ ಕಣ್ಣೆದುರೇ ಇದೆ. ಅನ್ನ ಬಸಿಯುವಾಗ, ಬಸ್ಸಿಗೆ ಕಾಯುವಾಗ, ಎಲ್ಲ ಕಡೆ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಹೋದರೆ ಅವರ ಮನೆ. ಅಡಿಕೆ ತೋಟ, ತೋಟದ ಆಚೆ ಬನ. 11 ವರ್ಷದ ಹಿಂದೆ ಇದೇ ಪಂಚಮಿಯ ದಿನ ಅವರು ಬನಕ್ಕೆ ಹೋಗಿ ಬಂದರು. ಮನೆಗೆ ಬಂದ ಮೇಲೆ ಮುಟ್ಟಾದದ್ದು ಗೊತ್ತಾಯಿತು. ಬನದಲ್ಲಿ ಇರುವಾಗಲೇ ಆಗಿತ್ತೋ, ದಾರಿಯಲ್ಲೋ, ತಿಳಿಯಲಿಲ್ಲ. ಯಾರಿಗೂ ಹೇಳಲಿಲ್ಲ. ತಿಂಗಳೊಳಗೆ ಅಣ್ಣ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಕಾರಣ ತಿಳಿಯಲು ಮನೆಯಲ್ಲಿ ಜ್ಯೋತಿಷ್ಯದ ಪ್ರಶ್ನೆ ಇಟ್ಟರು. ಕವಡೆ ಹಾಕಿದವರು "ಬನಕ್ಕೆ ಅಶುದ್ಧಿ ಆಗಿದೆ" ಅಂದರು.

ಆ ಒಂದು ಮಾತು. ಬನ ಇರುವ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ, ನಮ್ಮ ಕಡೆಯವರಿಗೆ ಗೊತ್ತಿರುವುದೇ. ಅವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುವುದಿಲ್ಲ. ಆದರೆ ಎದುರು ಕೂತವರಲ್ಲಿ ಒಬ್ಬರ ಜೀವ ಒಳಗೊಳಗೇ ಕುಸಿಯಬಹುದು ಅಂತ ಅವರಿಗೆ ಅನಿಸಬೇಕಿತ್ತು. ಅವರು ದಕ್ಷಿಣೆ ತೆಗೆದುಕೊಂಡು ಹೋದರು. ನಾಗನಿಗೆ ಆಶ್ಲೇಷಾ ಬಲಿ ಪೂಜೆ ಆಯಿತು, ಊಟ ಆಯಿತು. ಎಲ್ಲರಿಗೂ ಅಲ್ಲಿಗೆ ಮುಗಿಯಿತು. ದೊಡ್ಡಮ್ಮನಿಗೆ ಅಲ್ಲಿಂದ ಶುರುವಾಯಿತು.

ಮೊದಲು ಎರಡು ಸ್ನಾನ. ಆಮೇಲೆ ನಾಲ್ಕು. ಆಟಿಯ ಮಳೆಯಲ್ಲೂ ಬೆಳಗಿನ ಜಾವ ಬಾವಿಕಟ್ಟೆಯಲ್ಲಿ ತಲೆಗೆ ನೀರು. ಬೆರಳ ಸಂದಿ ಒಡೆದು ರಕ್ತ ಬರುತ್ತಿತ್ತು. ಸಂಜೆ ದೀಪ ಹಚ್ಚಲು ಮೂರು ಗಂಟೆ. ನಡುವೆ ಕೆಟ್ಟ ಯೋಚನೆ ಬಂದರೆ ಬತ್ತಿ ತೆಗೆದು ಪುನಃ ಮೊದಲಿನಿಂದ. ಪ್ರತಿ ಪೂಜೆಯ ಕೊನೆಗೆ ಮಂತ್ರ ತಪ್ಪಿದ್ದರೆ, ಕ್ರಿಯೆ ತಪ್ಪಿದ್ದರೆ ಕ್ಷಮಿಸು ಅಂತ ಕೇಳಿಕೊಳ್ಳುವುದು ಇದ್ದೇ ಇದೆ. ಒಂದು ಸಲ ಕೇಳಿ ಏಳುತ್ತೇವೆ. ದೊಡ್ಡಮ್ಮ ನಲವತ್ತು ಸಲ ಕೇಳಿಯೂ ಏಳುತ್ತಿರಲಿಲ್ಲ.

ಊರವರು ಏನು ಅಂದರು ಗೊತ್ತಾ? "ಮಡಿ ಅಂದರೆ ಅವರದ್ದು." ಹೊಗಳಿದರು! ಸೊಸೆಯಂದಿರಿಗೆ ಅವರನ್ನು ತೋರಿಸಿ ಬುದ್ಧಿ ಹೇಳಿದರು. ನನಗೆ ಈಗಲೂ ಆ ಹೆಂಗಸರ ಮೇಲೆ ಸಿಟ್ಟಿದೆ. ದೊಡ್ಡಪ್ಪ ಒಳ್ಳೆಯವರು, ಊರಿನ ಯಾರ ಕಷ್ಟಕ್ಕೂ ಓಡುವವರು. ಆದರೆ ಸ್ವಂತ ಹೆಂಡತಿ ದೀಪದ ಎದುರು ಅಳುವುದು ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ. 2020ರಲ್ಲಿ ಕೊರೊನಾ ಬಂದಾಗ ಟಿವಿಯಲ್ಲೇ ಕೈ ತೊಳೆಯಿರಿ ಅಂತ ಹೇಳಿದರು. ದೊಡ್ಡಮ್ಮ ದಿನವಿಡೀ ತೊಳೆದರೂ ಯಾರಿಗೂ ವಿಚಿತ್ರ ಕಾಣಲಿಲ್ಲ. ಕಂಡಿದ್ದರೂ ಏನು ಮಾಡುವುದು? ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು. ಮಂಗಳೂರಿಗೆ ಹೋಗಲಾಗದೆ ಇಲ್ಲಿಯವರು ಪಟ್ಟ ಪಾಡು ಮರೆಯುವಂಥದ್ದಲ್ಲ.

ಮಂಗಳೂರೇ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಇಲ್ಲೇ ಹತ್ತಿರ ಒಮ್ಮೆ ತೋರಿಸಿದ್ದೆವು. ಡಾಕ್ಟರು ಬಹಳ ಒಳ್ಳೆಯವರು. ಆದರೆ ಮಲಯಾಳದವರು. ದೊಡ್ಡಮ್ಮನ ಮಲಯಾಳ ರೇಷನ್ ಅಂಗಡಿಗೆ, ಬಸ್ಸಿಗೆ ಸಾಕು. ದೇವರ ಎದುರು ನಿಂತಾಗ ಮನಸ್ಸಿಗೆ ಬರುವ ಬಾರದ ಮಾತನ್ನು ಆ ಭಾಷೆಯಲ್ಲಿ ಹೇಳುವುದು ಹೇಗೆ? "ನಿದ್ದೆ ಇಲ್ಲ" ಅಂತ ಮಾತ್ರ ಹೇಳಿದರು. ನಿದ್ದೆಗೆ ಮಾತ್ರೆ ಸಿಕ್ಕಿತು.

ಈ ವರ್ಷ ಜನವರಿಯಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ಕನ್ನಡದಲ್ಲಿ, ಏನೂ ಗಡಿಬಿಡಿ ಮಾಡದೆ, "ದೇವರ ಬಗ್ಗೆ ಹೇಳಬಾರದ ಯೋಚನೆ ಏನಾದರೂ ಬರುತ್ತದಾ ಅಮ್ಮಾ? ತುಂಬಾ ಜನಕ್ಕೆ ಬರುತ್ತದೆ" ಅಂದರು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ಎಲ್ಲ ಹೇಳಿದರು. ಪಂಚಮಿಯ ದಿನದ್ದೂ. ನಾನು ಪಕ್ಕದಲ್ಲೇ ಕೂತಿದ್ದೆ. ಇಷ್ಟೇನಾ ಅನಿಸಿತು ನನಗೆ. ಇಷ್ಟು ಸಣ್ಣ ವಿಷಯವನ್ನು ಇವರು ಒಬ್ಬರೇ ಇಷ್ಟು ವರ್ಷ ಹೊತ್ತರಲ್ಲ ಅಂತ ಗಂಟಲು ಕಟ್ಟಿತು.

ಗೀಳು ಕಾಯಿಲೆ ಅಂದರು, ಒಸಿಡಿ. ನೂರರಲ್ಲಿ ಸುಮಾರು 2 ಮಂದಿಗೆ ಬದುಕಿನಲ್ಲಿ ಯಾವಾಗಲಾದರೂ ಬರುವಂಥದ್ದು. ಕೆಲವರಿಗೆ ಬಾಗಿಲು ಹಾಕಿದ್ದೇನಾ ಅಂತ, ಕೆಲವರಿಗೆ ಕೊಳೆ ಅಂತ, ಕೆಲವರಿಗೆ ಪಾಪ ಅಂತ. ಮನಸ್ಸು ಯಾವುದನ್ನು ಹೆಚ್ಚು ಪ್ರೀತಿಸುತ್ತದೋ ಅದನ್ನೇ ಹಿಡಿದು ಕಾಡುತ್ತದಂತೆ. ಹೊರಗೆ ಕಾಯುವಾಗ ಉಪ್ಪಳದ ಒಬ್ಬರು ಸಿಕ್ಕಿದ್ದರು. ಅವರ ಉಮ್ಮ ನಮಾಜಿನ ಮೊದಲು ಕೈಕಾಲು ತೊಳೆದದ್ದು ಸರಿಯಾಗಲಿಲ್ಲ ಅಂತ ಪುನಃ ಪುನಃ ತೊಳೆಯುತ್ತಾರಂತೆ. "ನಮ್ಮಲ್ಲಿ ಇದಕ್ಕೆ ವಸ್ವಾಸ್ ಅಂತಾರೆ" ಅಂದರು. ಆ ಉಮ್ಮನೂ ದೊಡ್ಡಮ್ಮನೂ ಬೆಂಚಿನ ಮೇಲೆ ಅಕ್ಕಪಕ್ಕ ಕೂತಿದ್ದರು. ಇಬ್ಬರ ಬೆರಳುಗಳೂ ಒಂದೇ ತರ ಒಡೆದಿದ್ದವು.

ಮಾತ್ರೆ ಕೊಟ್ಟರು. ಹಿಡಿಯಲು ಎರಡು ಮೂರು ತಿಂಗಳು ಬೇಕು, ನಡುವೆ ಬಿಡಬೇಡಿ ಅಂದರು. ದೇವರನ್ನು ಬಿಡಿ ಅಂತ ಒಂದು ಮಾತೂ ಹೇಳಲಿಲ್ಲ, ಅದು ನನಗೆ ತುಂಬಾ ಸಮಾಧಾನ ಕೊಟ್ಟಿತು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ನೀವು ಏನೂ ಆಗುವುದಿಲ್ಲ ಅಂತ ಹೇಳಿದರೆ ಎಷ್ಟು ಹೊತ್ತು ನೆಮ್ಮದಿ ಇರುತ್ತದೆ?"

ಯೋಚಿಸಿದೆ. ಕಾಲು ಗಂಟೆ.

"ತುರಿಸಿದ ಹಾಗೆ ಅದು. ತುರಿಸುವಾಗ ಹಿತ, ಆಮೇಲೆ ತುರಿಕೆ ಜಾಸ್ತಿ."

ಹೌದಲ್ವಾ! ನಮ್ಮ ದೇವಸ್ಥಾನದ ಭಟ್ರ ಹತ್ತಿರವೂ ಒಮ್ಮೆ ಕೇಳಿಸಿದ್ದೆ. ಏನು ತಪ್ಪು ಅಂತ ದೊಡ್ಡಮ್ಮ ಬಾಯಿ ಬಿಟ್ಟು ಹೇಳಿರಲಿಲ್ಲ. ಆದರೂ ಅವರು ಪ್ರೀತಿಯಿಂದ "ಅರಿವಿಲ್ಲದೆ ಆದದ್ದಕ್ಕೆ ದೋಷ ಇಲ್ಲ" ಅಂದರು. ಎರಡು ದಿನ ದೊಡ್ಡಮ್ಮ ಹಗುರಾಗಿದ್ದರು. ಮೂರನೇ ದಿನ, "ನಾನು ಭಟ್ರಿಗೆ ಎಲ್ಲ ಸರಿಯಾಗಿ ಹೇಳ್ಲಿಲ್ಲ, ಅಲ್ವಾ?" ನಾನು ಪ್ರೀತಿ ಅಂತ ಕೊಡುತ್ತಿದ್ದ ಉತ್ತರವೇ ಆ ಭಯಕ್ಕೆ ಗೊಬ್ಬರ ಆಗಿತ್ತು. ದಿನಕ್ಕೆ ಇಪ್ಪತ್ತು ಸಲ, ಫೋನಿನಲ್ಲೂ.

ದೊಡ್ಡಮ್ಮನ ಎದುರೇ ಮಾತಾಯಿತು. ಇನ್ನು ಮೇಲೆ ಕೇಳಿದರೆ ನಾನು ಹೌದು ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು. ಪಕ್ಕದಲ್ಲಿ ಇರಬೇಕು, ಅಷ್ಟೇ. ಭಯ ಏರಲಿ, ತೊಳೆಯದೆ, ಕೇಳದೆ ಇದ್ದರೆ ತಾನಾಗಿ ಇಳಿಯುತ್ತದೆ, ಅದನ್ನು ಅವರ ಮನಸ್ಸೇ ಕಲಿಯಬೇಕು ಅಂದರು. ಮೆಲ್ಲ ಮೆಲ್ಲ ಸುಲಭದ್ದರಿಂದ ಶುರು ಮಾಡಿದರು. ದೀಪಕ್ಕೆ ಒಂದೇ ಬತ್ತಿ. ಕೆಟ್ಟ ಯೋಚನೆ ಬಂದರೂ ತೆಗೆಯುವಂತಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಸ್ನಾನ ಎರಡಾಯಿತು. ದೊಡ್ಡಮ್ಮನೇ ಹೇಳಿದ್ದು, ಈ ಪಂಚಮಿಗೆ ಒಂದೇ ಸ್ನಾನ ಮಾಡಿ ಬನಕ್ಕೆ ಹೋಗುತ್ತೇನೆ ಅಂತ. 11 ವರ್ಷದಿಂದ ಹೋಗಿರಲಿಲ್ಲ.

ಹಾಗೆ ಮೊನ್ನೆ ಬನದ ಹತ್ತಿರ. ಮಳೆ ಸಣ್ಣಗೆ ಹನಿಯುತ್ತಿತ್ತು. ಹರಿವಾಣದಲ್ಲಿ ಹಿಂಗಾರ, ಕೇದಗೆ, ಅರಶಿನ ಹುಡಿ. "ಏನೂ ಆಗ್ಲಿಕ್ಕಿಲ್ಲ ಅಲ್ವಾ?" ನನ್ನ ನಾಲಗೆಯ ತುದಿಗೇ ಬಂದಿತ್ತು. ಒಂದೇ ಮಾತು, ಹೇಳಿದರೆ ಆ ಕೈಯ ನಡುಕ ಅಲ್ಲೇ ನಿಲ್ಲುತ್ತಿತ್ತು. "ಗೊತ್ತಿಲ್ಲ ದೊಡ್ಡಮ್ಮ. ನಾನು ಇಲ್ಲೇ ಇದ್ದೇನೆ" ಅಂದೆ. ಅವರ ನೋಟದಲ್ಲಿ ಸಿಟ್ಟಿತ್ತಾ? ಕೈ ಬಿಟ್ಟೆಯಲ್ಲ ಅನ್ನುವ ಸಂಕಟ ಇತ್ತಾ? ಎಷ್ಟು ಸಲ ನೆನಪಿಸಿಕೊಂಡರೂ ತಿಳಿಯುವುದಿಲ್ಲ. ಮನೆಗೆ ಓಡಿಹೋಗಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಒಂದು ಕೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡರು, ಉಗುರು ಊರುವಷ್ಟು ಗಟ್ಟಿಯಾಗಿ. ಅರ್ಧ ಗಂಟೆ ಹಾಗೇ ನಿಂತೆವು. ಬನದ ಮರದಿಂದ ನೀರು ಬೀಳುತ್ತಿತ್ತು. ಆಮೇಲೆ ಅವರೇ ಸೀಯಾಳವನ್ನು ಒಳಗೆ ಕೊಟ್ಟರು. ಹಿಂದಕ್ಕೆ ಬರುವಾಗ ತೋಟದ ಸಂಕ ದಾಟುತ್ತಾ, "ಅರಶಿನ ಎಲೆ ಕೊಯ್ದಾಯ್ತಾ? ಕಡುಬಿಗೆ ಬೇಕಲ್ಲ" ಅಂದರು.

ನಿಮ್ಮ ಮನೆಯಲ್ಲೂ ಹೀಗೆ ದೇವರ ಕೋಣೆಯಲ್ಲಿ ಗಂಟೆಗಟ್ಟಲೆ ಒದ್ದಾಡುವವರು ಇರಬಹುದು. ದಯಮಾಡಿ ಹೊಗಳಬೇಡಿ, ಬೈಯಲೂ ಬೇಡಿ. ಏನು ಭಯ ಅಂತ ಅವರ ಭಾಷೆಯಲ್ಲೇ ಕೇಳಿ. 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಇರುತ್ತದೆ. ಕನ್ನಡದಲ್ಲೂ ಮಾತಾಡಬಹುದು.

ನಿನ್ನೆ ರಾತ್ರಿ ದೊಡ್ಡಮ್ಮನ ಫೋನ್ ಬಂತು. ಊಟ ಆಯ್ತಾ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಚೆ ಮಳೆಯ ಸದ್ದು ಕೇಳುತ್ತಿತ್ತು.

"ಏನೂ ಆಗ್ಲಿಕ್ಕಿಲ್ಲ ಅಲ್ವಾ?"

ನಾನು ಮಾತಾಡಲಿಲ್ಲ. ಫೋನ್ ಹಿಡಿದುಕೊಂಡೇ ಇದ್ದೆ.

"ನೀನು ಹೇಳ್ಲಿಕ್ಕಿಲ್ಲ ಅಂತ ಗೊತ್ತುಂಟು. ಸುಮ್ನೆ ಕೇಳಿದೆ" ಅಂದರು. ಆಮೇಲೆ ಅಣ್ಣನ ಮಗಳ ಶಾಲೆಯ ವಿಷಯ ಮಾತಾಡಿದರು.