ಪಹಣಿಯ 2.20 ಅಂದರೆ ಎರಡೂವರೆ ಎಕರೆ

ಲೆಕ್ಕದ ಅಭ್ಯಾಸಕ್ಕೆ ಪಹಣಿಯಷ್ಟು ಒಳ್ಳೆಯ ಹಾಳೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ವಿಸ್ತೀರ್ಣ 2.20 ಎಂದಿದ್ದರೆ 2 ಎಕರೆ 20 ಗುಂಟೆ ಎಂದರ್ಥ. ಎಕರೆಗೆ 40 ಗುಂಟೆ, ಹಾಗಾಗಿ ಎರಡೂವರೆ ಎಕರೆ. ನಡುವಿನ ಚುಕ್ಕೆ ದಶಮಾಂಶದ್ದಲ್ಲ. ಎಕರೆಗೆ 20 ಲಕ್ಷದಂತೆ 2.20ನ್ನು ಹಾಗೇ ಗುಣಿಸಿದರೆ 44 ಲಕ್ಷ ಬರುತ್ತದೆ; ನಿಜವಾದ ಬೆಲೆ 50 ಲಕ್ಷ.

1.25ಕ್ಕೆ 2.30 ಕೂಡಿದರೆ ಗುಂಟೆ 55 ಆಗುತ್ತದೆ. ಅದರಲ್ಲಿ 40ನ್ನು ಎಕರೆಗೆ ದಾಟಿಸಿದರೆ 4.15. ಕಳೆಯುವಾಗಲೂ ಎಕರೆಯಿಂದ ತರುವುದು ಹತ್ತಲ್ಲ, ನಲವತ್ತು: 3.10ರಲ್ಲಿ 1.25 ಹೋದರೆ ಉಳಿಯುವುದು 1.25. ಕ್ಯಾಲ್ಕುಲೇಟರ್ 1.85 ಎನ್ನುತ್ತದೆ. ಗುಂಟೆಯ ಜಾಗದಲ್ಲಿ 39 ಮೀರಿದ ಅಂಕಿ ಬಂದರೆ ಲೆಕ್ಕ ಕೆಟ್ಟಿದೆ ಎಂದೇ ತಿಳಿಯಿರಿ. ಆದರೆ 2.20ರ ಅರ್ಧ 1.10 ಎಂಬ ಉತ್ತರ ಆಕಸ್ಮಿಕವಾಗಿ ಸರಿಯಾಗಿಬಿಡುತ್ತದೆ, ಮಕ್ಕಳು ಮೋಸಹೋಗುವುದು ಇಲ್ಲೇ. 3.10ರ ಅರ್ಧ ಮಾಡಿಸಿ ನೋಡಿ, 1.55 ಎನ್ನುತ್ತಾರೆ; ಅದು ತಪ್ಪು. ಮೊದಲು ಎಲ್ಲವನ್ನೂ ಗುಂಟೆ ಮಾಡಿ, 130. ಅರ್ಧ 65, ಅಂದರೆ 1.25.

ಇದೇ 130 ಗುಂಟೆಯಲ್ಲಿ ತಮ್ಮನಿಗೆ ಅಣ್ಣನಿಗಿಂತ 20 ಗುಂಟೆ ಹೆಚ್ಚು ಕೊಡಬೇಕು ಎನ್ನಿ. ಅಣ್ಣನ ಪಾಲು ‘ಅ’ ಆದರೆ 2ಅ + 20 = 130, ಅ = 55. ಅಣ್ಣನಿಗೆ 1.15, ತಮ್ಮನಿಗೆ 1.35. ಮೊದಲೇ ಅರ್ಧ ಮಾಡಿ, ಒಂದು ಕಡೆ 20 ಕಳೆದು ಇನ್ನೊಂದು ಕಡೆ 20 ಸೇರಿಸಿದರೆ ವ್ಯತ್ಯಾಸ 40 ಆಗುತ್ತದೆ.

ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, 1089 ಚದರ ಅಡಿ. ಅದರ 40 ಪಟ್ಟು 43,560, ಒಂದು ಎಕರೆ. ದಕ್ಷಿಣ ಕನ್ನಡದ ಸೆಂಟ್ಸ್ ಆದರೆ ಎಕರೆಯ ನೂರನೇ ಒಂದು ಪಾಲು, 435.6 ಚದರ ಅಡಿ. ಮೀಟರಿಗೆ 3.28 ಅಡಿ ಎಂದು ಚದರ ಮೀಟರನ್ನೂ 3.28ರಿಂದ ಗುಣಿಸುವವರಿದ್ದಾರೆ. ಉದ್ದ, ಅಗಲ ಎರಡೂ ಬದಲಾಗುವುದರಿಂದ ಅಲ್ಲಿ 10.764 ಬೇಕು.

ಇನ್ನು ಸೈಟು. ಆಯತದ ಎದುರುಬದುರು ಬದಿಗಳು ಸಮ, ನಿಜ. ಆದರೆ ಎದುರುಬದುರು ಬದಿಗಳು ಸಮ ಇದ್ದಮಾತ್ರಕ್ಕೆ ಅದು ಆಯತವಾಗುವುದಿಲ್ಲ. ಈ ತರ್ಕ ತಪ್ಪಿದರೆ ದುಡ್ಡೇ ಹೋಗುತ್ತದೆ. ಒಂದು ಜೋಡಿ ಬದಿ 39 ಅಡಿ, ಇನ್ನೊಂದು ಜೋಡಿ 42 ಅಡಿ ಇರುವ ಸೈಟನ್ನು 1638 ಚದರ ಅಡಿ ಎಂದು ಒಪ್ಪುವ ಮುಂಚೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. ಮೂಲೆಗಳು ಲಂಬವಾಗಿದ್ದರೆ ಕರ್ಣ ಸುಮಾರು 57.3 ಅಡಿ ಇರಬೇಕು. 45 ಬಂದರೆ ಸೈಟು ಓರೆಯಾಗಿದೆ. ಆಗ ಅದನ್ನು ಎರಡು ತ್ರಿಕೋನ ಮಾಡಿ, ಮೂರು ಬದಿಗಳಿಂದಲೇ ವಿಸ್ತೀರ್ಣ ಕೊಡುವ ಹೆರಾನನ ಸೂತ್ರ ಹಾಕಿ: 39, 42, 45ರ ಮೊತ್ತದ ಅರ್ಧ 63, ಅದರಿಂದ ಒಂದೊಂದೇ ಬದಿ ಕಳೆದರೆ 24, 21, 18. 63 × 24 × 21 × 18ರ ವರ್ಗಮೂಲ 756. ಎರಡು ತ್ರಿಕೋನ ಸೇರಿ 1512. ಕಡಿಮೆಯಾದದ್ದು 126 ಚದರ ಅಡಿ. ಚದರ ಅಡಿಗೆ 2000 ರೂಪಾಯಿಯಂತೆ 2,52,000 ರೂಪಾಯಿ.

ಇನ್ನೊಂದು ಕರ್ಣವನ್ನೂ ಅಳೆಯಿರಿ. ಅದು 67.4 ಅಡಿಯ ಆಸುಪಾಸಿನಲ್ಲಿರಬೇಕು. 65 ಅಥವಾ 70 ಬಂದರೆ ಎಲ್ಲೋ ಟೇಪು ಜೋತಿದೆ, ಇಲ್ಲವೇ ಮೂಲೆಯ ಗಡಿಕಲ್ಲಿನ ಒಳಮೈ ಬಿಟ್ಟು ಹೊರಮೈಯಿಂದ ಹಿಡಿದಿದ್ದೀರಿ; ನಾಲ್ಕು ಬದಿಯನ್ನೂ ಮತ್ತೆ ಅಳೆಯಿರಿ.